ಪಂಚಮಿಯ ಇಪ್ಪತ್ತೊಂದು

ಪಂಚಮಿಗೆ ಎಲೆ ಆಡಿದರೆ ನಮ್ಮ ಕಡೆ ಯಾರೂ ಬೈಯುವುದಿಲ್ಲ. ಉಳಿದ ದಿನ ಇಸ್ಪೀಟು ಮುಟ್ಟಿದವನನ್ನು ಮನೆಹಾಳ ಅನ್ನುತ್ತಿದ್ದ ನಮ್ಮವ್ವ ಕೂಡ ಹಬ್ಬದಲ್ಲಿ ತಾನೇ ಕಂಬಳಿ ಹಾಸಿ ಕೂರುತ್ತಿದ್ದಳು. ಎಪ್ಪತ್ತರ ದಶಕದ ಒಂದು ಪಂಚಮಿಗೆ ಇಪ್ಪತ್ತೊಂದು ಅನ್ನುವ ಹೊಸ ಆಟವನ್ನು ಆ ಕಂಬಳಿಗೆ ತಂದವನು ನಾನು.

ಆಗ ನಾನು ಇಂಡಿ ಊರಿನ ಒಂದು ಕಚೇರಿಯಲ್ಲಿ ಕಾರಕೂನ. ಸಿಂದಗಿಯಿಂದ ವರ್ಗವಾಗಿ ಬಂದ ಹಿರಿಯ ಸಾಬರೊಬ್ಬರಿದ್ದರು, ಮೊದಲು ಮಿಲಿಟರಿಯಲ್ಲಿದ್ದವರು. ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ನನಗೆ ಆಟ ಕಲಿಸಿದರು. ಲೆಕ್ಕ ಸರಳ. ಮೊದಲು ಎಲ್ಲರಿಗೂ ಎರಡೆರಡು ಎಲೆ. ರಾಜ, ರಾಣಿ, ಗುಲಾಮನಿಗೆ ಹತ್ತು. ಎಕ್ಕ ಒಂದೂ ಆದೀತು, ಹನ್ನೊಂದೂ ಆದೀತು. ಬೇಕಾದವನು ಇನ್ನೊಂದು ಎಲೆ ಕೇಳಬೇಕು, ಬೇಡವಾದವನು ಸಾಕು ಅನ್ನಬೇಕು. ಇಪ್ಪತ್ತೊಂದರ ಹತ್ತಿರ ನಿಂತವನು ಗೆದ್ದ, ದಾಟಿದವನು ಔಟ್. ನಾನು ದಿನಾ ಔಟ್. ಹದಿನೆಂಟು ಬಂದಿದ್ದರೂ ಮುಂದಿನದು ಮೂರೇ ಬರುತ್ತದೆ ಎಂದು ನನ್ನ ಹುಚ್ಚು ನಂಬಿಕೆ.

“ಏನ್ರೀ ಕಾರಕೂನರ, ಹೊಟ್ಟಿ ತುಂಬಿದ ಮ್ಯಾಲೂ ರೊಟ್ಟಿ ಬೇಡತೀರಲ್ಲ,” ಎಂದು ಅವರು ನಗುತ್ತಿದ್ದರು. “ಮೊದಲ ಸಾಕು ಅನ್ನೂದು ಕಲೀರಿ.”

ಅದೊಂದು ನನಗೆ ಬರುತ್ತಿರಲಿಲ್ಲ, ಅವ್ವನ ಮುಂದಂತೂ ಬಾಯೇ ಇರಲಿಲ್ಲ. ಹೆಂಡತಿ ಮೂರನೆಯ ಬಾಣಂತನ ಮುಗಿಸಿ ತಂಗಡಗಿಯ ತವರಿನಿಂದ ಆಗಷ್ಟೇ ಬಂದಿದ್ದಳು. ಮೂರೂ ಹೆಣ್ಣು. ಇನ್ನೊಂದು ಹೆರಿಗೆಯಾದರೆ ಈಕೆ ಉಳಿಯುವುದು ಕಷ್ಟ ಎಂದು ಮುದ್ದೇಬಿಹಾಳದ ಡಾಕ್ಟರಬಾಯಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅವ್ವನಿಗೆ ಹೇಳುವ ಕೆಲಸ ನನ್ನದು. ಅವಳೋ ಮೊಮ್ಮಗನಿಗಾಗಿ ಬಾಗೇವಾಡಿ ಬಸವಣ್ಣನಿಗೆ ಹರಕೆ ಹೊತ್ತು ಕೂತಿದ್ದಳು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಅನ್ನುತ್ತ ಮೂರು ತಿಂಗಳು ತಳ್ಳಿದೆ. ಅದು ಹೇಡಿತನ. ಬೇರೆ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ.

ಪಂಚಮಿಯ ಮಧ್ಯಾಹ್ನ ಉಂಡಿ ತಿಂದು ಮೂವರೂ ಆಟಕ್ಕೆ ಕೂತೆವು. ಕೂಸು ತೊಟ್ಟಿಲಲ್ಲಿ, ದೊಡ್ಡ ಮಕ್ಕಳಿಬ್ಬರು ಓಣಿಯ ಜೋಕಾಲಿಯಲ್ಲಿ. ಪಣಕ್ಕೆ ಶೇಂಗಾ. ಹೊಸಬರೆಂದು ಎಲೆ ತೆರೆದಿಟ್ಟೇ ಆಡಿದೆವು. ಹಿರಿಯಳೆಂದು ಹಂಚುವ ಕೆಲಸವನ್ನು ಅವ್ವನಿಗೆ ಕೊಟ್ಟೆ, ಎಡವಟ್ಟಾಗಿದ್ದು ಅಲ್ಲೇ. ನಮ್ಮ ಕಡೆ ಉಣ್ಣುವವರು ಸಾಕು ಅಂದರೆ ಬಡಿಸುವವರು ನಂಬುವುದಿಲ್ಲ. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾರೆ. ಅವ್ವನದು ಜೀವಮಾನವಿಡೀ ಬಡಿಸಿದ ಕೈ.

ಹೆಂಡತಿಗೆ ಹತ್ತೊಂಬತ್ತು ಬಂದಿತ್ತು. “ಸಾಕ್ರಿ ಅತ್ತಿ,” ಅಂದಳು.

“ನಾಚಬ್ಯಾಡ, ತಗೋ. ಒಂದರಾಗ ಏನಾಗ್ತೈತಿ?” ಎಂದು ಅವ್ವ ಇನ್ನೊಂದು ಎಲೆ ಹಾಕೇಬಿಟ್ಟಳು. ಏಳು ಬಂತು, ಹೆಂಡತಿ ಔಟ್. ನಾನು ಬಿದ್ದು ಬಿದ್ದು ನಕ್ಕೆ.

ಮುಂದಿನ ಆಟದಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ಸಾಕು ಅಂದವರಿಗೆ ಹಾಕಬಾರದು ಎಂದು ಅವ್ವನಿಗೆ ಒಂದು ಮಾತು ಹೇಳಬಹುದಿತ್ತು. ನನ್ನ ಮುಂದೆ ಶೇಂಗಾ ಗುಡ್ಡೆ ಬೀಳುತ್ತಿತ್ತು, ಸುಮ್ಮನಿದ್ದೆ.

ನಾಲ್ಕನೆಯ ಆಟಕ್ಕೆ ಹೆಂಡತಿಗೆ ಎರಡು ರಾಣಿ ಬಂದವು. ಇಪ್ಪತ್ತು. ಅವಳು ಮತ್ತೆ ಸಾಕು ಅಂದಳು. ಅವ್ವ ತೊಟ್ಟಿಲ ಕಡೆ ನೋಡಿ, “ಬರೇ ರಾಣೀನ ಬರ್ತಾವ ನಿನಗ. ಇನ್ನೊಂದು ಆಗ್ಲಿ, ಈ ಸಲ ಗಂಡು ಆಗ್ತೈತಿ,” ಎಂದು ಎಲೆ ಎತ್ತಿದಳು.

ಹೆಂಡತಿ ತನ್ನ ಎಲೆಗಳ ಮೇಲೆ ಅಂಗೈ ಊರಿದಳು.

“ಬ್ಯಾಡ್ರಿ ಅತ್ತಿ. ಇನ್ನೊಂದು ಹಡದ್ರ ನಾ ಉಳಿಯೂದು ಕಷ್ಟ ಅಂತ ಡಾಕ್ಟರಬಾಯಿ ಹೇಳ್ಯಾರ. ಈ ಮೂರಕ್ಕ ಅವ್ವ ಬೇಕ್ರಿ.”

ಅವ್ವ ಸೊಸೆಯನ್ನು ಬೈಯುತ್ತಾಳೆಂದು ನಾನು ತಲೆ ತಗ್ಗಿಸಿ ಕಾದೆ. ಅವಳು ತಿರುಗಿದ್ದು ನನ್ನ ಕಡೆ.

“ನಿನಗ ಗೊತ್ತಿತ್ತೇನೋ?”

“ಗೊತ್ತಿತ್ತವ್ವ.”

“ಯಾವಾಗಿಂದ?”

“ಮೂರು ತಿಂಗಳಾತು.”

“ಆಕಿ ಸಾಕು ಅಂದಾಗೆಲ್ಲ ನಾ ಹಾಕ್ಕೋತ ಹೊಂಟಿದ್ದೆ. ನೀ ನಕ್ಕೋತ ಕುಂತಿದ್ದಿ,” ಅಂದಳು. ಎಲೆಗಳನ್ನೆಲ್ಲ ಕೂಡಿಸಿ ಗೋಡೆಯ ಮಾಡದಲ್ಲಿಟ್ಟು ಅಡುಗೆಮನೆಗೆ ಹೋದಳು.

ಸಂಜೆ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಬಡಿಸಿದಳು. ಹಬ್ಬಕ್ಕೆಂದು ಮುಂಚೆಯೇ ಮಾಡಿಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎರಡನೆಯದಾದ ಮೇಲೆ ಹೆಂಡತಿ “ಸಾಕ್ರಿ” ಅಂದಳು. ರೂಢಿಯಂತೆ ಮುಂದೆ ಬಂದಿದ್ದ ಅವ್ವನ ಕೈ ತಾಟಿನ ಮೇಲೆ ನಿಂತಿತು. ಸೊಸೆಯ ಮುಖವನ್ನೊಮ್ಮೆ ನೋಡಿ, ರೊಟ್ಟಿಯನ್ನು ತಿರುಗಿ ಬುಟ್ಟಿಗೆ ಹಾಕಿದಳು.

ನನ್ನ ತಾಟು ಬರಿದಾಗಿತ್ತು. ಇನ್ನೊಂದು ಬೇಕೇನೋ ಎಂದು ಅವ್ವ ಅವತ್ತು ನನ್ನನ್ನು ಕೇಳಲಿಲ್ಲ. ಕೇಳಿ ಹಾಕಿಸಿಕೊಳ್ಳುವ ಮುಖ ನನಗೂ ಇರಲಿಲ್ಲ.