ಅಕ್ಕನ ರಾಗಿ ಪಾರ್ಕು

ನಾನು ಚಿಕ್ಕವನಿದ್ದಾಗಲೂ ಈಗಿನ ಹಾಗೇ ಪುಕ್ಕಲ. ಗಾಬರಿಪಡಲು ಕಾರಣಗಳು ಸ್ವಲ್ಪ ಕಡಿಮೆ ಇದ್ದವು, ಅಷ್ಟೆ. ಎಪ್ಪತ್ತರ ದಶಕದ ವಿಜಯನಗರದಲ್ಲಿ ನಮ್ಮ ಬಾಡಿಗೆ ಮನೆಯ ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪ್ರತಿ ಸೈಟಿನ ನಾಲ್ಕು ಮೂಲೆಗೂ ಒಂದೊಂದು ಕಲ್ಲು, ನಡುವೆ ತುಂಬೆ ಹೂವು, ಮುಟ್ಟಿದರೆ ಮುನಿ, ಮಳೆ ನಿಂತ ಮೇಲೆ ಕೆಂಪು ಮಣ್ಣಿನ ಘಮ.

ಆ ವರ್ಷ ನವರಾತ್ರಿಗೆ, ಗೊಂಬೆಗಳ ಮುಂದೆ ಮಾಡುವ ಪಾರ್ಕನ್ನು ಅಮ್ಮ ಮೊದಲ ಸಲ ಅಕ್ಕನಿಗೆ ವಹಿಸಿದ್ದಳು. ಅಕ್ಕನಿಗೆ ಹನ್ನೊಂದು ವರ್ಷ, ನನಗೆ ಏಳು. ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗಲೇ ಅವಳು ಪಕ್ಕದ ಸೈಟಿನ ಮಣ್ಣನ್ನು ಜರಡಿ ಹಿಡಿದು, ದೊಡ್ಡ ತಗಡಿನ ತಟ್ಟೆಗೆ ತುಂಬಿ, ನೆನೆಸಿದ ರಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದಳು. ನೀರು ಚಿಮುಕಿಸುತ್ತ, "ಯಾರೂ ಮುಟ್ಟಬೇಡಿ. ನಿನಗೇ ಹೇಳ್ತಿರೋದು ಕಣೋ," ಅಂದಳು.

ಮೊಳಕೆ ಬರದಿದ್ದರೆ? ಮೊದಲ ದಿನ ಸಂಜೆ ಬೀದಿಗೆ ಬೀದಿಯೇ ನೋಡಲು ಬರುತ್ತೆ, ಅಕ್ಕನ ಮಾನ ಏನಾಗಬೇಕು? ಇದೇ ಚಿಂತೆಯಲ್ಲಿ ನಾನು ದಿನಾ ಬೆಳಿಗ್ಗೆ ತಟ್ಟೆಯ ನಡುವೆ ಕೆದಕಿ, ಕಾಳು ಎತ್ತಿ ನೋಡಿ, ಮತ್ತೆ ಮುಚ್ಚಿಡುತ್ತಿದ್ದೆ. ಅವಳಿಗೆ ಸಹಾಯ ಮಾಡುತ್ತಿದ್ದೇನೆ ಅಂತಲೇ ನನ್ನ ನಂಬಿಕೆ.

ಹಬ್ಬದ ಬೆಳಿಗ್ಗೆ ನೋಡಿದರೆ ತಟ್ಟೆ ತುಂಬ ಎಳೆ ಹಸಿರು, ಪ್ರತಿ ಗರಿಯ ತುದಿಗೂ ಒಂದು ನೀರಹನಿ. ನಡುವೆ ಮಾತ್ರ ನನ್ನ ಅಂಗೈಯಗಲ ಬರೀ ಮಣ್ಣು.

ಅಕ್ಕ ತಟ್ಟೆ ನೋಡಿದಳು. ಆಮೇಲೆ ನನ್ನ ಉಗುರು ನೋಡಿದಳು.

"ದಿನಾ ಕೆದಕ್ತಾ ಇದ್ಯಾ?"

"ಮೊಳಕೆ ಬಂತಾ ಅಂತ ನೋಡ್ತಿದ್ದೆ."

"ನೀನು ದಿನಾ ಎಬ್ಬಿಸ್ತಾ ಇದ್ರೆ ಅದು ಮಲಗೋದ್ಯಾವಾಗ, ಏಳೋದ್ಯಾವಾಗ?"

ಅವಳ ಕಣ್ಣಲ್ಲಿ ನೀರಾಡಿತು. ನಾನಂತೂ ಅತ್ತೇಬಿಟ್ಟೆ. ಅವಳು ಕಿಟಕಿಯಾಚೆಯ ಸೈಟಿನ ಕಡೆ ನೋಡಿ, ಹೊರಗೆ ಹೋಗಿ ನಾಲ್ಕು ಬಿಳಿ ಬೆಣಚುಕಲ್ಲಿನ ಚೂರು, ಒಂದಷ್ಟು ತುಂಬೆ ತಂದಳು. ಬರಿ ಮಣ್ಣಿನ ನಾಲ್ಕು ಮೂಲೆಗೂ ಕಲ್ಲು ನೆಟ್ಟಳು. ಅಂಚಿಗೆ ತುಂಬೆ ಸಿಕ್ಕಿಸಿ, ಮರದ ಹಸುವೊಂದನ್ನು ಮೇಯಲು ಬಿಟ್ಟಳು. ನಮ್ಮ ಪಕ್ಕದ ಸೈಟು ಎದ್ದು ಬಂದು ತಟ್ಟೆಯಲ್ಲಿ ಕೂತ ಹಾಗಿತ್ತು.

ಸಂಜೆ ಬಂದವರು ರಾಜಾ ರಾಣಿ ಗೊಂಬೆಗಳನ್ನು ಬಿಟ್ಟು ಸೈಟಿನ ಮುಂದೆಯೇ ಕೂತರು. ಆಫೀಸಿನಿಂದ ಬಂದ ಅಪ್ಪ ಬಗ್ಗಿ ನೋಡಿ, "ಸುತ್ತಲೂ ಪಾರ್ಕು. ಒಳ್ಳೇ ಸೈಟು ಕಣೇ, ಯಾರಿಗೂ ಕೊಡಬೇಡ," ಅಂದರು. ಎದುರು ಮನೆಯವರು ಯಾರು ಮಾಡಿದ್ದು ಅಂತ ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿ, "ಜಾಗ ಮಾಡಿಕೊಟ್ಟಿದ್ದು ಇವನೇ," ಅಂದಳು. ನಾಚಿಕೆಯಿಂದ ನನಗೆ ಕಡಲೆ ಉಸಲಿ ಸೇರಲೇ ಇಲ್ಲ. ಎರಡೇ ಸಲ ಹಾಕಿಸಿಕೊಂಡೆ.

ಈಗ ಆ ಬೀದಿಯಲ್ಲಿ ಒಂದೂ ಖಾಲಿ ಸೈಟಿಲ್ಲ, ಮಕ್ಕಳೇ. ನೀವು ಮೂರನೇ ಮಹಡಿಯ ಬಾಲ್ಕನಿಯಲ್ಲಿ, ನರ್ಸರಿಯಿಂದ ಚೀಲದಲ್ಲಿ ಬಂದ ಮಣ್ಣನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ರಾಗಿ ಚೆಲ್ಲಿದ್ದೀರಿ. ಡಬ್ಬಿ ಗಾಜಿನ ಹಾಗೆ ತಿಳಿಯಾಗಿದೆ, ಬೇರು ಪಕ್ಕದಿಂದಲೇ ಕಾಣುತ್ತೆ, ಯಾರೂ ಕೆದಕಬೇಕಾಗಿಲ್ಲ. ಆದರೂ ಇವತ್ತು ಬೆಳಿಗ್ಗೆ ನಡುವೆ ಒಂದು ಬೆರಳಿನ ಗುರುತು ಕಂಡು, ನೀನಾ ನೀನಾ ಅಂತ ಕಿತ್ತಾಡಿದಿರಲ್ಲ, ಜಗಳ ಬೇಡ. ಡಬ್ಬಿಯ ಪಕ್ಕದಲ್ಲಿ ನಾಲ್ಕು ಬಿಳಿ ಕಲ್ಲು ಇಟ್ಟಿದ್ದೇನೆ.