ಪುಕ್ಕಟೆ ಪೊಟ್ಟಣದ ಗಿಡ

ಕುಲಾಂತರಿ ಹತ್ತಿ ಹೊಸದಾಗಿ ಬಂದ ವರ್ಷಗಳಲ್ಲಿ ನಾನು ಯಾದವಗಿರಿಯ ಬಂಗಲೆಯೊಂದರಲ್ಲಿದ್ದ ಬೀಜದ ಕಂಪನಿಯಲ್ಲಿ ಕರಪತ್ರ ಬರೆಯುವ ಕೆಲಸಕ್ಕಿದ್ದೆ. ನಮ್ಮ ಸಾಹೇಬರಿಗೆ ಹತ್ತಿಯ ಬಗ್ಗೆ ಗೊತ್ತಿದ್ದದ್ದು ತಮ್ಮ ಅಂಗಿಯ ಇಸ್ತ್ರಿಯೊಂದೇ.

ಹೊಸ ತಳಿಯನ್ನೂ ಹಳೆಯದನ್ನೂ ಪಕ್ಕಪಕ್ಕ ಬೆಳೆದು ತೋರಿಸಲು ಹೊಲ ಬೇಕಾಯಿತು. ಊರಾಚೆ ನಮ್ಮ ಸೋದರತ್ತೆಗೆ ನಾಲ್ಕೆಕರೆ ಇತ್ತು, ಅದರಲ್ಲಿ ಒಂದೆಕರೆ ಕೊಡಿಸಿದೆ. ಅತ್ತೆಗೆ ಬೇಕಾಗಿದ್ದದ್ದು ಇಷ್ಟೇ: ಮುಂದಿನ ವರ್ಷ ಇಡೀ ಹೊಲಕ್ಕೆ ಯಾವುದನ್ನು ಹಾಕಬೇಕು ಅನ್ನುವುದಕ್ಕೆ ನಿಜವಾದ ಉತ್ತರ.

ಹೋಲಿಕೆ ಮಾಡಿದ ಚೆಂದ ಕೇಳಿ. ಹೊಸದಕ್ಕೆ ಹೊತ್ತುಹೊತ್ತಿಗೆ ಗೊಬ್ಬರ, ರಸ ಹೀರುವ ಹುಳಕ್ಕೆ ಔಷಧಿ. ಹಳೆಯದಕ್ಕೆ ಏನೂ ಇಲ್ಲ; ವ್ಯತ್ಯಾಸ ಎದ್ದು ಕಾಣಬೇಕಂತೆ. ಒಬ್ಬನಿಗೆ ಹೊಟ್ಟೆತುಂಬ ಉಣ್ಣಿಸಿ, ಇನ್ನೊಬ್ಬನನ್ನು ಉಪವಾಸ ಕೆಡವಿ, ಇಬ್ಬರನ್ನೂ ಕುಸ್ತಿಗೆ ಬಿಟ್ಟ ಹಾಗೆ. ಹೊಸ ಬೀಜ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಕಾಯಿಕೊರಕ ಹುಳು ಅದಕ್ಕೆ ಕಡಿಮೆಯೇ ಬೀಳುತ್ತಿತ್ತು. ಆದರೆ ಈ ಪರೀಕ್ಷೆಗೆ ಥೂ ಅನ್ನದೆ ಇನ್ನೇನು ಅನ್ನಲಿ?

ಹೊಸ ಬೀಜದ ಜೊತೆ ಮಾಮೂಲಿ ಹತ್ತಿಯ ಸಣ್ಣ ಪೊಟ್ಟಣವೊಂದು ಪುಕ್ಕಟೆಯಾಗಿ ಬರುತ್ತಿತ್ತು. ಹುಳ ಹೊಸ ತಳಿಗೆ ಒಗ್ಗಿಕೊಳ್ಳದಿರಲಿ ಎಂದು, ಅದನ್ನು ಹೊಲದ ಸುತ್ತ ಹುಳ ತಿನ್ನಲೆಂದೇ ಬಿತ್ತಬೇಕು. ಹುಳಕ್ಕೆಂದು ಯಾವ ರೈತ ಬಿತ್ತುತ್ತಾನೆ? ಹೊಸ ಬೀಜ ಹುಟ್ಟದೆ ಖಾಲಿ ಬಿದ್ದ ಗುಣಿಗಳಿಗೆಲ್ಲ ಅತ್ತೆ ಅದನ್ನೇ ಊರಿದ್ದರು; ಹೊಸದರ ಗೊಬ್ಬರ, ಔಷಧಿ ಅದಕ್ಕೂ ಸಿಕ್ಕಿತ್ತು.

ಪ್ರದರ್ಶನದ ದಿನ ಸಾಹೇಬರು ಹೊಸ ಹತ್ತಿಯ ಸಾಲಿಗೆ ನುಗ್ಗಿ, ಕಾಯಿ ಜಗ್ಗುತ್ತಿದ್ದ ಗಿಡವೊಂದನ್ನು ಹಿಡಿದು ಭಾಷಣ ಬಿಗಿದರು.

"ಅದು ಪುಕ್ಕಟೆ ಪೊಟ್ಟಣದ್ದು ಕಣ್ರೀ, ನಾನೇ ಊರಿದ್ದು," ಅಂದರು ಅತ್ತೆ.

ಸೇರಿದ್ದ ರೈತರು ನಕ್ಕರು. ಸಾಹೇಬರು ಕಿವುಡರಂತೆ ಆ ಗಿಡದ ಜೊತೆಗೇ ಫೋಟೊ ತೆಗೆಸಿಕೊಂಡರು. ಕರಪತ್ರದಲ್ಲಿ ಆ ಫೋಟೊದ ಕೆಳಗೆ 'ಹೊಸ ತಳಿಯ ಭರ್ಜರಿ ಫಸಲು' ಎಂದು ಬರೆದ ಮಹಾನುಭಾವ ನಾನೇ.

ಮುಂದಿನ ವರ್ಷದ ಬಿತ್ತನೆಗೆ ಮುಂಚೆ ಅತ್ತೆ ಆ ಕರಪತ್ರ ಹಿಡಿದು ಆಫೀಸಿಗೇ ಬಂದರು. ಓದು ಬಾರದು, ಫೋಟೊದ ಮೇಲೆ ಬೆರಳಿಟ್ಟು, ಇದು ತಾನು ಊರಿದ ಗಿಡವೇ ಅಲ್ಲವೇ ಎಂದು ಕೇಳಿದರು. ಪಕ್ಕದ ಕುರ್ಚಿಯಲ್ಲಿ ಸಾಹೇಬರಿದ್ದರು.

"ಅಲ್ಲ ಅತ್ತೆ, ಅದು ಬೇರೆ ಗಿಡ," ಅಂದೆ.

ಅತ್ತೆ ಇನ್ನೊಮ್ಮೆ ಫೋಟೊ ನೋಡಿದರು. "ನೀನೇ ಹೇಳ್ತಿದ್ದೀಯ ಅಂದ್ಮೇಲೆ, ನನ್ ಕಣ್ಣೇ ಮಂಜಾಗೈತೆ ಬುಡು," ಅಂದು, ನಾಲ್ಕೆಕರೆಗೂ ಹೊಸ ಬೀಜವನ್ನೇ ಕೊಂಡು ಹೊರಟರು.