ಅಕ್ಷರಗುಂಡಿನ ಮುಂದೆ ಈದ ಕುರಿ

ರಾಂಪುರದಲ್ಲಿ ಬಸ್ಸಿಳಿದು, ಬ್ರಹ್ಮಗಿರಿಯ ಬೌದ್ಧ ಚೈತ್ಯದ ಇಟ್ಟಿಗೆ ಪಾಯ ನೋಡಿಕೊಂಡು ಅಶೋಕನ ಶಾಸನದ ಬಂಡೆಯ ಬಳಿ ಬಂದರೆ, ಕುರಿ ಕಾಯುವ ಅಜ್ಜನೊಬ್ಬ ಕಂಗಾಲಾಗಿ ಕೂತಿದ್ದ. ಅವನ ಕುರಿ ಈಯಲಾರದೆ ಒದ್ದಾಡುತ್ತಿತ್ತು. ಊರವರಿಗೆ ಆ ಬಂಡೆ ಅಕ್ಷರಗುಂಡು. ಅದನ್ನು ತೊಳೆದ ನೀರು ಕುಡಿಸಿದರೆ ಮರಿ ಸಲೀಸಾಗಿ ಬರುತ್ತದೆ ಅನ್ನುವುದು ಹಳೆಯ ನಂಬಿಕೆ.

“ಈಗ ಬಂಡೆ ಸುತ್ತ ಕಟ್ಟಡ ಕಟ್ಟಿ ಬೀಗ ಹಾಕ್ಯಾರೆ, ನೀರು ಹಾಕಂಗಿಲ್ಲ. ನಿಮಗೆ ಅದನ್ನ ಓದಾಕೆ ಬರ್ತೈತಾ ಸಾರ್?”

“ಈ ಪುಸ್ತಕದಲ್ಲಿ ಅದನ್ನ ಕನ್ನಡ ಅಕ್ಷರದಲ್ಲಿ ಹಾಕಿದ್ದಾರೆ ಅಜ್ಜ.”

“ಮತ್ತೆ ಓದ್ರಿ. ಕುರಿಗೆ ಕೇಳಿಸಂಗೆ.”

ಸಭೆಯಲ್ಲಿ ನಾಲ್ಕು ಮಾತಾಡಲು ಬೆವರುವ ನಾನು ಕುರಿಯ ಕಿವಿಯ ಹತ್ತಿರ ಮಂಡಿಯೂರಿ ಪ್ರಾಕೃತ ಓದತೊಡಗಿದೆ. ಅಜ್ಜ ಹಿಂದೆ ಕೂತು ಅದರ ಹೊಟ್ಟೆ ನೀವುತ್ತಿದ್ದ. ಪ್ರಾಣಿದಯೆಯ ಸಾಲಿಗೆ ಬರುವಷ್ಟರಲ್ಲಿ ಮರಿಯೊಂದು ಜಾರಿ ಹೊರಬಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ್ರಿ, ಓದ್ರಿ. ಒಳಗೆ ಇನ್ನೊಂದೈತೆ.”

ಅಷ್ಟರಲ್ಲಿ ಶಾಸನವೇ ಮುಗಿದುಹೋಯಿತು. ಎರಡನೆಯದರ ಮೂತಿ ಮಾತ್ರ ಕಾಣುತ್ತಿತ್ತು. ಅಜ್ಜ ತಲೆಯೆತ್ತಿ ನನ್ನನ್ನೇ ನೋಡಿದ. ಬೇರೆ ದಾರಿ ಕಾಣದೆ ಅದೇ ಧಾಟಿಯಲ್ಲಿ ನಾಲ್ಕು ಸಾಲು ನಾನೇ ಕಟ್ಟಿ ಹೇಳಿದೆ. ಮರಿ ಅಶೋಕನಿಗೂ ನನಗೂ ಭೇದ ಮಾಡಲಿಲ್ಲ. ನೆಟ್ಟಗೆ ಹೊರಗೆ ಬಂತು.